ದೊಡ್ಡಕ್ಕನ ನಾಲಿಗೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ಅಲ್ಲಿನ ದೊಡ್ಡ ಪಾತ್ರೆಗಳಿಗೆ ಉಪ್ಪು ಹಾಕುವ ಅಧಿಕಾರ ಅವಳೊಬ್ಬಳದೇ. ಎದೆಯ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಕಿಮೋ ಶುರುವಾದ ಮೇಲೆ ಕೂದಲು ಹೋಯಿತು. ಅದನ್ನು ಸ್ಕಾರ್ಫಿನಲ್ಲಿ ಮುಚ್ಚಿಕೊಂಡಳು. ಆಮೇಲೆ ರುಚಿಯೂ ಹೋಯಿತು. ಬಾಯಿಗೆ ಏನಿಟ್ಟರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ.

ಮನೆಯ ಒಲೆ ಮಾತ್ರ ಅವಳನ್ನು ಬಿಡಲಿಲ್ಲ. ಒಗ್ಗರಣೆಯ ವಾಸನೆಗೆ ವಾಂತಿ ಬರುತ್ತದೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಆಪರೇಷನ್ ಆದ ಕಡೆಯ ಕೈ ಮೇಲೇಳದೆ ಇನ್ನೊಂದು ಕೈಯಲ್ಲೇ ಪಾತ್ರೆ ಇಳಿಸುತ್ತಿದ್ದಳು.

"ಉಪ್ಪು ಸರಿ ಇದೆಯಾ?"

"ಸರಿ ಇದೆ," ಎನ್ನುತ್ತಿದ್ದ ಗಂಡ.

"ಮೊದಲಿನ ಹಾಗೇ ಇದೆಯಮ್ಮ," ಎನ್ನುತ್ತಿದ್ದಳು ಮಗಳು.

ಇಬ್ಬರೂ ತಟ್ಟೆ ಹಿಡಿದು ಟಿವಿ ಮುಂದೆ ಹೋಗುತ್ತಿದ್ದರು. ಅವಳು ಸುಸ್ತಾಗಿ ಮಲಗುತ್ತಿದ್ದಳು. ತಟ್ಟೆಗಳು ಖಾಲಿಯಾಗಿಯೇ ಸಿಂಕಿಗೆ ಬರುತ್ತಿದ್ದವು. ತೊಳೆಯುವವಳೂ ಅವಳೇ ಆದ್ದರಿಂದ ಅದು ಗೊತ್ತಿತ್ತು. ನಾಲಿಗೆ ಮರೆತರೂ ಕೈ ಮರೆತಿಲ್ಲ ಎಂಬ ಧೈರ್ಯದಲ್ಲಿ, ಕಿಮೋ ಮುಗಿದು ಸ್ವಲ್ಪ ಸುಧಾರಿಸಿಕೊಂಡೊಡನೆ ಮತ್ತೆ ಕ್ಯಾಂಟೀನಿನ ಕೆಲಸಕ್ಕೆ ಹೋದಳು.

ಮೊದಲ ದಿನವೇ ತಟ್ಟೆಗಳು ಬಡಿಸಿದಂತೆಯೇ ವಾಪಸು ಬಂದವು. ಪಾತ್ರೆ ತೊಳೆಯುವವಳು ಪಕ್ಕಕ್ಕೆ ಕರೆದಳು. "ದೊಡ್ಡಕ್ಕ, ಬೇಜಾರು ಮಾಡ್ಕೋಬೇಡ. ಸಮುದ್ರಾನೇ ಕುದಿಸಿಟ್ಟಿದ್ದೀಯ."

"ಮನೇಲೂ ಇದೇ ಕೈಯಳತೆ ಕಣೇ. ಎಲ್ರೂ ತಿಂತಾರೆ."

"ತಿಂತಾರೋ, ತಿಂದ್ವಿ ಅಂತಾರೋ?"

"ನಾಲಿಗೆ ಸರಿಹೋದ್ಮೇಲೆ ಬನ್ನಿ," ಎಂದ ಮ್ಯಾನೇಜರು. ಆಗ ಜಾಗ ಇರುತ್ತದೋ ಇಲ್ಲವೋ, ಅದನ್ನು ಹೇಳಲಿಲ್ಲ.

ಅದೇ ಅಡುಗೆಯನ್ನು ಡಬ್ಬಿಗೆ ತುಂಬಿಕೊಂಡು ಮನೆಗೆ ಬಂದು ಗಂಡ, ಮಗಳು ಇಬ್ಬರಿಗೂ ಬಡಿಸಿದಳು. ಈ ಸಲ ಎದುರಿಗೇ ಕುಳಿತಳು.

"ಉಪ್ಪು?"

"ಸರಿ ಇದೆ," ಎಂದ ಗಂಡ. ಅವನ ಕೈ ಇನ್ನೂ ತಟ್ಟೆಗೆ ಇಳಿದಿರಲಿಲ್ಲ.

"ಬಾಯಿಗೆ ಇಡದೇನೇ ಗೊತ್ತಾಯ್ತಾ?"

ಮಗಳು ತಲೆ ತಗ್ಗಿಸಿದಳು. "ನಾವು ಹೊರಗೇ ತಿಂದ್ಕೊಂಡು ಬರ್ತಿದ್ವಿ ಅಮ್ಮ. ಬಡಿಸಿದ್ದನ್ನ ಅಪ್ಪ ಕವರಿಗೆ ಹಾಕಿ ಬಿಸಾಕ್ತಿದ್ರು."

"ನಿನಗೆ ನೋವಾಗಬಾರ್ದು ಅಂತ ಕಣೇ," ಎಂದ ಗಂಡ.

"ವಾಂತಿ ಮಾಡ್ಕೊಂಡು ಬಂದು ಮತ್ತೆ ಒಲೆ ಮುಂದೆ ನಿಲ್ತಿದ್ನಲ್ಲ, ಅದು ನೋವಲ್ವಾ? ಕಸದ ಬುಟ್ಟಿಗೆ ಅಡುಗೆ ಮಾಡಿ ಹಾಕ್ಸಿದ್ರಿ ನನ್ ಕೈಲಿ."

ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಹಾಗಾದ್ರೆ ನಾಳೆ ಅಡುಗೆ?"

"ಹೊರಗೇ ತಿಂದ್ಕೊಂಡು ಬನ್ನಿ, ಅಭ್ಯಾಸ ಇದೆಯಲ್ಲ. ಬರುವಾಗ ನನಗೂ ತನ್ನಿ. ಹೇಗಿದೆ ಅಂತ ಮಾತ್ರ ನಿಮ್ಮನ್ನ ಕೇಳಲ್ಲ."