ಹುಳ ಮಲಗಿದಾಗ ಬೆಟ್ಟಕ್ಕೆ

ಹೋಳೂರಿನ ಭಾರತಮ್ಮ ಹತ್ತೊಂಬತ್ತು ವರ್ಷ ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿದವಳಲ್ಲ. ಗಂಡ ಕಟ್ಟಿಹಾಕಿದ್ದ ಎಂದುಕೊಂಡರೆ ತಪ್ಪು. ಕಟ್ಟಿಹಾಕಿದ್ದು ರೇಷ್ಮೆ ಹುಳ. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಲೇಬೇಕು. ಒಂದು ಬೆಳೆ ಮುಗಿದು ಮನೆ ತೊಳೆಯುವಷ್ಟರಲ್ಲಿ ಇನ್ನೊಂದು ಬೆಳೆಯ ಮೊಟ್ಟೆ ಬಂದಿರುತ್ತಿತ್ತು.

ಅವಳಿಗಿದ್ದದ್ದು ಒಂದೇ ಆಸೆ. ತವರು ಗೌನಿಪಲ್ಲಿ ಕಡೆ. ಅಲ್ಲಿನ ಕಾಡುಬೆಟ್ಟದ ನೆತ್ತಿಯಲ್ಲಿ ಒಂದು ರಾತ್ರಿ ಮಲಗಬೇಕು. ಹುಡುಗಿಯಾಗಿದ್ದಾಗ ಗೆಳತಿ ಅಕ್ಕಯಮ್ಮನ ಜೊತೆ ಸೌದೆಗೆಂದು ಅರ್ಧ ಬೆಟ್ಟ ಹತ್ತಿದ್ದಳು. ಮೇಲಿನಿಂದ ಆಂಧ್ರದ ಊರುಗಳ ದೀಪಗಳೂ ಕಾಣುತ್ತವೆ ಎಂದು ಗಂಡಸರು ಹೇಳುವುದನ್ನು ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡಿದ್ದಳು. ನಲವತ್ತರ ಹತ್ತಿರ ಬಂದರೂ ಆ ಉರಿ ಆರಿರಲಿಲ್ಲ.

ಮಗಳ ಮದುವೆ ಮುಗಿದ ಮೇಲೆ, ಎಂಬತ್ತೊಂದರ ಚಳಿಗಾಲದಲ್ಲಿ, ಅವಳಿಗೊಂದು ದಾರಿ ಹೊಳೆಯಿತು. ಪೊರೆ ಕಳಚುವ ಮುಂಚೆ ಹುಳಗಳು ಮೇವು ಬಿಟ್ಟು ಅಲ್ಲಾಡದೆ ಮಲಗುತ್ತವೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಒಂದು ಹಗಲು, ಒಂದು ರಾತ್ರಿ ದಾಟಿ ಇರುತ್ತದೆ. ಅಷ್ಟರಲ್ಲಿ ಹೋಗಿ ಬರಬಹುದಲ್ಲ!

ತಯಾರಿ ನೋಡಬೇಕಿತ್ತು ನೀವು. ಗೋಣಿಚೀಲಕ್ಕೆ ಹಳೆಯ ಪಂಚೆಯ ಎರಡು ಪಟ್ಟಿ ಹೊಲಿದು ಬೆನ್ನಿಗೆ ಹಾಕುವಂತೆ ಮಾಡಿದಳು. ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ, ನೀರಿನ ಕ್ಯಾನು, ಕಂಬಳಿ, ಬ್ಯಾಟರಿ ತುಂಬಿ, ಅಭ್ಯಾಸಕ್ಕೆಂದು ತೋಟದಲ್ಲಿ ನಡೆದಳು. ಪಕ್ಕದ ಮನೆಯ ಅಂಜಮ್ಮ ಬಾಯಿ ಮುಚ್ಚಿಕೊಂಡಿರುವವಳೇ?

"ಏನೇ ಇದು, ಈ ವಯಸ್ಸಲ್ಲಿ ಕೂಸು ಕಟ್ಕೊಂಡಿದ್ದೀಯಾ? ದೂರದ ಬೆಟ್ಟ ನುಣ್ಣಗೆ ಕಣೇ!"

"ಅದಕ್ಕೇ ಹತ್ರ ಹೋಗಿ ನೋಡ್ತೀನಿ ಬಿಡು."

ಜೊತೆಗೆ ಬರಲು ಒಪ್ಪಿದ್ದ ಅಕ್ಕಯಮ್ಮ ಇನ್ನೂ ಗೌನಿಪಲ್ಲಿ ಕಡೆಯೇ ಇದ್ದಳು; ಹೊರಡುವ ದಿನವನ್ನು ಅವಳಿಗೆ ಮುಟ್ಟಿಸುತ್ತಿದ್ದವನು ಬಸ್ ಕಂಡಕ್ಟರ್ ವೆಂಕಟರಾಯಪ್ಪ. ಮೊದಲ ಸಲ ಚಳಿಗೆ ಹುಳ ಒಂದು ದಿನ ತಡವಾಗಿ ಮಲಗಿದವು. ಬೆಟ್ಟದ ಬುಡದಲ್ಲಿ ಕಾದ ಅಕ್ಕಯಮ್ಮ ಇಬ್ಬರ ಬುತ್ತಿಯನ್ನೂ ತಾನೇ ತಿಂದು, "ನಿನ್ನ ಹುಳಗಳಿಗೆ ಮಾನ ಮರ್ಯಾದೆ ಇಲ್ಲ" ಎಂದು ಅದೇ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದಳು.

ಮುಂದಿನ ಬೆಳೆಯಲ್ಲಿ ಎಲ್ಲ ಕೂಡಿಬಂತು. ಉಳಿದದ್ದು ಗಂಡನಿಗೆ ಪಾಠ ಹೇಳುವುದು. ಸೊಣ್ಣಪ್ಪ ಅವಳ ಸೋದರಮಾವನೇ. ಒಳ್ಳೆಯವನು, ಅತಿಯಾಗಿ ಒಳ್ಳೆಯವನು. ಕರು ಕೂಗಿದರೆ ಹಾಲು ಕರೆಯುವುದನ್ನೇ ಬಿಡುವ ಗಂಡಸು.

"ಮಾವ, ನಾಳೆ ಬೆಳಿಗ್ಗೆ ಒಂದೆರಡು ಹುಳ ತಲೆ ಎತ್ತುತ್ವೆ. ಎತ್ತಲಿ. ಎಲ್ಲಾ ಏಳೋವರ್ಗೂ ಸೊಪ್ಪು ಹಾಕ್ಬೇಡ. ಹಾಕಿದ್ರೆ ಹುಳ ಬೆಳೆಯೋದು ಹಿಂದೆ ಮುಂದೆ ಆಗಿ ಬೆಳೆ ಕೆಡುತ್ತೆ."

"ನಂಗೊತ್ತಿಲ್ವಾ? ಹೋಗ್ ಬಾ, ನಾನಿದ್ದೀನಿ," ಎಂದ ಸೊಣ್ಣಪ್ಪ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ ಬಸ್ ಹತ್ತಿದಳು.

ಮರುದಿನ ಮಧ್ಯಾಹ್ನ ಊರಲ್ಲಿ ಬಸ್ ಇಳಿದಾಗ ಅವಳ ಸೀರೆ ಮುಳ್ಳಿಗೆ ಹರಿದಿತ್ತು, ಮುಖ ಮಾತ್ರ ಮದುವೆ ಹೆಣ್ಣಿನದು. ಬಾಗಿಲಲ್ಲಿ ನಿಂತಿದ್ದ ಸೊಣ್ಣಪ್ಪ ದೀಪಗಳ ಸುದ್ದಿ ಕೇಳಲೇ ಇಲ್ಲ. ಒಳಗೆ ಹೋಗಿ ನೋಡಿದರೆ ತಟ್ಟೆಗಳ ತುಂಬ ಹಸಿರು ಸೊಪ್ಪು. ಮೇಲೆ ಕಾಲು ಪಾಲು ಹುಳ ಮೇಯುತ್ತಿದ್ದವು, ಉಳಿದವು ಅಡಿಯಲ್ಲಿ ಇನ್ನೂ ಮಲಗಿದ್ದವು. ಅವಳು ಮಾಡಿಟ್ಟು ಹೋದ ಮುದ್ದೆ ಮುಟ್ಟಿದಂತಿರಲಿಲ್ಲ.

"ತಲೆ ಎತ್ಕೊಂಡು ನನ್ನೇ ನೋಡ್ತಿದ್ವು ಕಣೇ," ಎಂದ ಅವನು. "ಹಸ್ಕೊಂಡವ್ರ ಮುಂದೆ ನಾನೆಂಗೆ ಉಣ್ಲಿ? ಬೈದ್ಬಿಡು, ಸಾಕು."

ಭಾರತಮ್ಮ ಚೀಲ ಇಳಿಸಿ, ಸೊಪ್ಪಿನ ಮೇಲೆ ಹತ್ತಿದ ಹುಳಗಳನ್ನು ಬೇರೆ ತಟ್ಟೆಗೆ ಎತ್ತಿಡುತ್ತ ಕೂತಳು. ಈ ಬೆಳೆ ಅರ್ಧ ಕೈಗೆ ಬಂದರೆ ಹೆಚ್ಚು.

"ಯಾಕ್ ಬೈಲಿ ಮಾವ? ನೀನು ತಡ್ಕೊಳ್ಳಲ್ಲ ಅಂತ ನಂಗೊತ್ತಿತ್ತು. ಗೊತ್ತಿದ್ದೇ ಹೋದೆ."

ಸೊಣ್ಣಪ್ಪ ಪಕ್ಕದಲ್ಲಿ ಕೂತು ತಟ್ಟೆ ಹಿಡಿದುಕೊಂಡ.