ಫರಾಮರ್ಜ್ ಕೋಚ್ ಒಪ್ಪಿಕೊಂಡ ಬಾಜಿ

ಕುವೈತಿಗೆ ಬಂದವರ ಹಣೆಬರಹ ಹಣೆಯಲ್ಲಿ ಇರುವುದಿಲ್ಲ, ಇಕಾಮಾ ಎಂಬ ವಾಸದ ಪರವಾನಗಿ ಕಾರ್ಡಿನಲ್ಲಿ ಇರುತ್ತದೆ. ಎಂಜಿನಿಯರಿಂಗ್ ಓದಿದವನ ಇಕಾಮಾದಲ್ಲಿ ಡ್ರೈವರ್ ಎಂದು ಬಿದ್ದಿದ್ದರೆ ಸರಕಾರದ ಲೆಕ್ಕಕ್ಕೆ ಅವನು ಡ್ರೈವರೇ. ಎಷ್ಟು ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಫರಾಮರ್ಜ್ ಎಂಬ ಇರಾನಿನವರ ಇಕಾಮಾದಲ್ಲಿ ಇಪ್ಪತ್ತೊಂದು ವರ್ಷಗಳಿಂದ ಉದ್ಯೋಗದ ಮುಂದೆ ಒಂದೇ ಶಬ್ದ ಇತ್ತು: ಖಬ್ಬಾಜ್. ಅಂದರೆ ರೊಟ್ಟಿ ಸುಡುವವ. ಅವರಿಗೆ ಬೇಕಾಗಿದ್ದದ್ದು ಬೇರೆ ಶಬ್ದ. ಮುದರ್ರಿಬ್, ಅಂದರೆ ಕೋಚ್. ಸಾಯುವುದರೊಳಗೆ ಒಮ್ಮೆ ಆ ಕಾರ್ಡಿನಲ್ಲಿ ಆ ಶಬ್ದ ನೋಡಬೇಕು ಎಂದು ಅವರು ಸೈದುವಿನ ಹತ್ತಿರ ಎಷ್ಟೋ ಸಲ ಹೇಳಿದ್ದರು.

ಸೈದು ಉಪ್ಪಿನಂಗಡಿ ಕಡೆಯವನು. ಫರ್ವಾನಿಯಾದಲ್ಲಿ ಹೆಂಡತಿ ಕದೀಜಾಳೊಂದಿಗೆ ಎರಡು ಕೋಣೆಯ ಫ್ಲಾಟಿನಲ್ಲಿದ್ದ. ಹಗಲು ಸ್ಟೇಷನರಿ ಹೋಲ್‌ಸೇಲಿನವರ ವ್ಯಾನ್ ಓಡಿಸುತ್ತಿದ್ದ, ಶುಕ್ರವಾರ 'ಗುರುಪುರ ಬ್ರದರ್ಸ್' ಎಂಬ ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗುತ್ತಿದ್ದ. ಮ್ಯಾನೇಜರ್ ಅಂದರೆ ದೊಡ್ಡದೇನೂ ಅಲ್ಲ. ನೀರಿನ ಕ್ಯಾನ್ ಹೊರುವುದು, ಬೆವರಿನ ಜೆರ್ಸಿಗಳನ್ನು ಒಗೆಯಲು ಮನೆಗೆ ತಂದು ಕದೀಜಾಳಿಂದ ಬೈಸಿಕೊಳ್ಳುವುದು, ಮತ್ತೆ ಕೋಚ್ ಹೇಳಿದ್ದನ್ನು ಆಟಗಾರರಿಗೆ ಬಿಡಿಸಿ ಹೇಳುವುದು. ಕೊನೆಯ ಕೆಲಸದ ಬಗ್ಗೆ ಅವನಿಗೆ ಬಹಳ ಹೆಮ್ಮೆ. ಅರಬಿ, ಉರ್ದು, ಮಲಯಾಳ ಎಲ್ಲ ಬರುತ್ತದೆ, ಫಾರ್ಸಿಯೂ ಮುಕ್ಕಾಲು ಪಾಲು ಅರ್ಥವಾಗುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಮುಕ್ಕಾಲು ಪಾಲು ಎಂಬುದು ಸುಳ್ಳು. ಕಾಲು ಪಾಲೂ ಇರಲಿಲ್ಲ.

ಫರಾಮರ್ಜ್ ಹುಟ್ಟಿದ್ದು ಬುಶೆಹರ್ ಬಂದರಿನಲ್ಲಿ. ಒಂಬತ್ತನೆಯ ವಯಸ್ಸಿಗೆ ಚೆಂಡು ಒದೆಯಲು ಶುರು ಮಾಡಿ, ಹತ್ತೊಂಬತ್ತಕ್ಕೆ ಎರಡನೆಯ ದರ್ಜೆಯ ಒಂದು ತಂಡ ಸೇರಿದರು. ಎಡಬದಿಯ ಫಾರ್ವರ್ಡ್. ಪತ್ರಿಕೆಯಲ್ಲಿ ಎರಡು ಸಲ ಹೆಸರು ಬಂದಿತ್ತು, ಒಂದು ಸಲ ಫೋಟೋ ಕೂಡ. ಇಪ್ಪತ್ತೇಳರಲ್ಲಿ ಮಂಡಿ ಊದಿಕೊಂಡಿತು. ಒಂದೇ ಮ್ಯಾಚಿನ ಮಟ್ಟಿಗೆ ಎಂದು ತಂಡದವರು ಇಂಜೆಕ್ಷನ್ ಚುಚ್ಚಿ ಆಡಿಸಿದರು. ಆ ಮ್ಯಾಚ್ ಗೆದ್ದರು, ಮಂಡಿ ಹೋಯಿತು. ಮರುವರ್ಷ ಫರ್ವಾನಿಯಾದಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದ ಸೋದರಮಾವ ಕರೆಸಿಕೊಂಡರು. ಬೆಳಗಿನ ಮೂರೂವರೆಗೆ ಎದ್ದು ಹಿಟ್ಟು ಕಲಸಿ, ಉರಿಯುವ ತಂದೂರಿಗೆ ಕೈಹಾಕಿ ರೊಟ್ಟಿ ಅಂಟಿಸುವ ಕೆಲಸ. ಆ ಕೆಲಸದ ನಡುವೆಯೇ ರಜೆಯಲ್ಲಿ ಊರಿಗೆ ಹೋಗಿ ಕೋಚಿಂಗ್ ಕೋರ್ಸ್ ಮುಗಿಸಿ ಬಂದರು. ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಮೈದಾಚೀಲಗಳ ಮೇಲಿನ ಗೋಡೆಗೆ ತೂಗುಹಾಕಿದ್ದರು. ಹಿಟ್ಟಿನ ಧೂಳಿಗೆ ಅಕ್ಷರ ಕಾಣುತ್ತಿರಲಿಲ್ಲ, ವಾರಕ್ಕೊಮ್ಮೆ ಒರೆಸಬೇಕಿತ್ತು.

ಗುರುಪುರ ಬ್ರದರ್ಸ್‌ಗೆ ಅವರು ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ. ಅಂಗಡಿಯ ಹಿಂದಿನ ಮರಳು ಬಯಲಲ್ಲಿ ತಂಡ ಆಡುತ್ತಿದ್ದಾಗ ಹಿಟ್ಟಿನ ಕೈಯಲ್ಲೇ ಬಂದು ನಿಂತು, "ಎಲ್ಲರೂ ಚೆಂಡಿನ ಹಿಂದೆ ಓಡಿದರೆ ಜಾಗ ಕಾಯುವವರು ಯಾರು?" ಎಂದು ಕೇಳಿದರು. ಮ್ಯಾಚ್, ಪಾಸ್, ಯಲ್ಲಾ, ಖಲಾಸ್, ಜಲ್ದಿ: ಇಂಗ್ಲಿಷು ಅರಬಿ ಹಿಂದಿ ಸೇರಿದ ಅದೇ ಭಾಷೆಯಲ್ಲಿ ಅವರು ಕಲಿಸಿದರು. ಫಾರ್ಸಿಯನ್ನು ಮನೆಯವರೊಡನೆ ಫೋನಿನಲ್ಲಿ ಮಾತ್ರ ಆಡುತ್ತಿದ್ದರು. ತಂಡದ ಕಾರ್ಯದರ್ಶಿ, ಕಿನ್ನಿಗೋಳಿಯ ರೋಕ್, ಕೋಚ್‌ಗೆ ಪರಮೇಶಿ ಎಂದು ಹೆಸರಿಟ್ಟ. ಅವರಿಗೂ ಆ ಹೆಸರು ಇಷ್ಟವಾಯಿತು.

ಈ ವರ್ಷ ಅದೃಷ್ಟ ಬಾಗಿಲಿಗೆ ಬಂದಿತ್ತು. ತಂಡದ ಅಧ್ಯಕ್ಷರು ರಾಜಗೋಪಾಲ, ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಬ್ನೇದ್ ಅಲ್ ಗಾರ್‌ನಲ್ಲಿ ಮನೆ. ಅವರ ಪರಿಚಯದ ಕುವೈತಿಯೊಬ್ಬರ ಕ್ರೀಡಾ ಅಕಾಡೆಮಿಗೆ ಮಕ್ಕಳ ಕೋಚ್ ಬೇಕಾಗಿತ್ತು. ಇಕಾಮಾವನ್ನೂ ಅಕಾಡೆಮಿಯವರೇ ಬದಲಾಯಿಸಿಕೊಡುವವರಿದ್ದರು. ಟೂರ್ನಮೆಂಟ್ ಮುಗಿಯುತ್ತಲೇ ಶಿಫಾರಸು ಪತ್ರ ಬರೆದುಕೊಡುವುದಾಗಿ ರಾಜಗೋಪಾಲ ಮಾತು ಕೊಟ್ಟರು. ಫರಾಮರ್ಜ್ ಆ ವಾರ ಸರ್ಟಿಫಿಕೇಟನ್ನು ಎರಡು ಸಲ ಒರೆಸಿದರು.

ಸೆಮಿಫೈನಲಿನ ಹಿಂದಿನ ದಿನ, ಗುರುವಾರ ಸಂಜೆ, ಸೈದು ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವರು ಬುಶೆಹರಿನ ತಂಗಿಯೊಡನೆ ಫೋನಿನಲ್ಲಿದ್ದರು. ಸೈದು ಕಿವಿ ನೆಟ್ಟಗೆ ಮಾಡಿ ಕೇಳಿದ. ಮೂರು ಶಬ್ದ ಸಿಕ್ಕಿದವು. ಫರ್ದಾ, ಬಾಜಿ, ಅನ್ಸಾಫ್. ಅನ್ಸಾಫ್ ತಂಡದಲ್ಲಿ ಹೆಚ್ಚು ಗೋಲು ಹೊಡೆಯುವವ, ಏಸಿ ಮೆಕ್ಯಾನಿಕ್. ಫರ್ದಾ ಅಂದರೆ ಪರ್ದಾ, ಮರೆ. ಬಾಜಿ ಅಂದರೆ ಬಾಜಿಯೇ, ಅದಕ್ಕೆ ಡಿಕ್ಷನರಿ ಬೇಕೇ? ಮರೆಯಲ್ಲಿ ಬಾಜಿ ಕಟ್ಟುವ ಮಾತು ಎಂದು ಸೈದು ಲೆಕ್ಕ ಹಾಕಿದ. ಆಗ ಯಾರಿಗೂ ಹೇಳಲಿಲ್ಲ.

ಶುಕ್ರವಾರ ಅರ್ಧ ಆಟಕ್ಕೆ ಒಂದೊಂದು ಗೋಲಿನ ಸಮ. ಆಗ ಫರಾಮರ್ಜ್ ಅನ್ಸಾಫನನ್ನು ಹೊರಗೆ ಕೂರಿಸಿದರು. "ಕಾಲು, ಕಾಲು" ಎಂದಷ್ಟೇ ಹೇಳಿದರು. ತನಗೇನೂ ಆಗಿಲ್ಲ ಎಂದು ಅನ್ಸಾಫ್ ಬಾಟಲಿ ಒದ್ದ. ಆಮೇಲೆ ಎರಡು ಗೋಲು ತಿಂದು ತಂಡ ಮನೆಗೆ ಹೊರಟಿತು. ಹಿಂದಿರುಗುವಾಗ ಕೋಚ್ ಮತ್ತೆ ತಂಗಿಗೆ ಫೋನ್ ಮಾಡಿ ಬಾಜಿ, ಬಾಜಿ ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಸೈದು ಆ ಮನುಷ್ಯನನ್ನು ಪ್ರೀತಿಸುತ್ತಿದ್ದ, ಅದಕ್ಕೇ ಹೆಚ್ಚು ಸಿಟ್ಟು ಬಂತು. ನೇರ ಹೋಗಿ ರೋಕ್‌ನ ಕಿವಿಗೆ ಹಾಕಿದ.

"ಎಂತ ಹೇಳ್ತಿ ಮಾರಾಯ. ನೀನು ಸರಿ ಕೇಳಿದ್ದಾ?" ರೋಕ್ ಕೇಳಿದ.

"ನಂಗೆ ಫಾರ್ಸಿ ಬರ್ತದೆ ಅಂತ ಗೊತ್ತುಂಟಲ್ಲ ನಿಂಗೆ," ಎಂದ ಸೈದು.

ಶನಿವಾರ ಸಂಜೆ ರಾಜಗೋಪಾಲರ ಮನೆಯಲ್ಲಿ ಕಮಿಟಿ ಸೇರಿತು. ಸೈದುವನ್ನು ಬಿಟ್ಟು ಏಳು ಮಂದಿ. ರಾಜಗೋಪಾಲರ ಹೆಂಡತಿ ಬೃಂದಾ ಕಾಫಿಯ ಟ್ರೇ ಹಿಡಿದು ಬಂದವರು ಅಲ್ಲೇ ನಿಂತರು. ಶಿಫಾರಸು ಪತ್ರದ ವಿಷಯಕ್ಕೆ ಕರೆದಿದ್ದಾರೆಂದು ಫರಾಮರ್ಜ್ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು.

"ಕೇಳ್ರೀ ಸೈದು, ಹೌದೋ ಅಲ್ವೋ ಅಂತ. ಸುಮ್ನೆ ಆರೋಪ ಮಾಡೋದು ಬೇಡ," ಎಂದರು ರಾಜಗೋಪಾಲ.

ಅರಬಿಯಲ್ಲಿ ಜೂಜಿಗೆ ಶಬ್ದವಿದೆ, ಅದು ಸೈದುವಿಗೆ ಗೊತ್ತೂ ಇತ್ತು. ಆದರೆ ಅವರದೇ ಶಬ್ದವನ್ನು ಅವರ ಮುಂದೆ ಇಟ್ಟರೆ ಜಾರಿಕೊಳ್ಳಲು ಆಗದು ಎಂದು ಅವನ ಬುದ್ಧಿ ಓಡಿತು. ಮುಖ ನೋಡದೆ ಕೇಳಿದ: "ಕೋಚ್, ನೀವು ಬಾಜಿ?"

ಫರಾಮರ್ಜ್ ತಲೆಯೆತ್ತಿದರು. ಅವರ ಮುಖ ಅರಳಿತು. ಸೈದುವನ್ನೂ ಉಳಿದವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ಎದೆ ಮುಟ್ಟಿಕೊಂಡು, ಗೊತ್ತಿದ್ದ ಎಲ್ಲ ಭಾಷೆಗಳನ್ನೂ ಸೇರಿಸಿ ಹೇಳಿದರು. ಬಾಜಿ, ಹೌದು. ಹದಿನೆಂಟು ವರ್ಷ ಬಾಜಿ. ಚಿಕ್ಕವನಿದ್ದಾಗಿಂದ. ನನ್ನ ಅಪ್ಪ, ಅವರೂ ಬಾಜಿ, ಇಡೀ ಬುಶೆಹರಿಗೆ ಗೊತ್ತು. ಅಪ್ಪನೇ ನನಗೆ ಬಾಜಿ ಕಲಿಸಿದ್ದು. ಈಗ ಮಂಡಿ ಇಲ್ಲ, ಆದರೂ ಕನಸಿನಲ್ಲಿ ಬಾಜಿ.

ರೋಕ್ ಶಿಲುಬೆ ಗುರುತು ಹಾಕಿಕೊಂಡ. ಕಮಿಟಿಯ ಬ್ಯಾರಿ ಹಿರಿಯರೊಬ್ಬರು, "ಹರಾಮನ್ನು ಹೀಗೆ ಎದೆ ತಟ್ಟಿ ಹೇಳುವವನನ್ನು ನಾನು ಕಂಡದ್ದಿಲ್ಲ," ಎಂದು ಎದ್ದು ನಿಂತರು. ರಾಜಗೋಪಾಲ ಕನ್ನಡಕ ತೆಗೆದು, "ಮಿಸ್ಟರ್ ಫರಾಮರ್ಜ್, ಖಲಾಸ್. ನಾಳೆಯಿಂದ ನೀವು ಬರೋದು ಬೇಡ, ಲೆಟರೂ ಇಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಯಾಕೆಂದು ಫರಾಮರ್ಜ್‌ಗೆ ಅರ್ಥವಾಗಲಿಲ್ಲ. ಸೆಮಿಫೈನಲ್ ಸೋತದ್ದಕ್ಕೆ ಇರಬೇಕು ಎಂದುಕೊಂಡರು. ಕುಡಿಯದ ಕಾಫಿಯನ್ನು ಮೇಜಿನ ಮೇಲಿಟ್ಟು ಕುಂಟುತ್ತಾ ಮೆಟ್ಟಿಲಿಳಿದರು.

ಮುಂದಿನ ವಾರ ಅನ್ಸಾಫನ ತೊಡೆ ಊದಿತು. ಸ್ನಾಯು ಹರಿದಿದೆ ಎಂದರು ಡಾಕ್ಟರು. "ಬುಧವಾರವೇ ನೋವಿತ್ತು ಸೈದು ಕಾಕ, ಫೈನಲ್ ಆಡುವ ಆಸೆಗೆ ಹೇಳ್ಳಿಲ್ಲ," ಎಂದ ಅನ್ಸಾಫ್. ಕಾಲು ಬೇರೆ, ಬಾಜಿ ಬೇರೆ, ಬಾಜಿಯನ್ನು ಅವರೇ ಒಪ್ಪಿದ್ದಾರಲ್ಲ ಎಂದು ಸೈದು ಸಮಾಧಾನ ಮಾಡಿಕೊಂಡ. ಆದರೂ ಫರ್ವಾನಿಯಾದ ಆ ರೊಟ್ಟಿ ಅಂಗಡಿಯ ಬೀದಿಗೆ ಕಾಲಿಡಲಿಲ್ಲ. ಅಕಾಡೆಮಿಗೆ ಬೇರೆ ಯಾರೋ ಕೋಚ್ ಬಂದ ಸುದ್ದಿಯೂ ಸಿಕ್ಕಿತು.

ಮೂರು ವಾರವಾದ ಮೇಲೆ ಕದೀಜಾ, "ಮೀನು ಸಾರು ಮಾಡಿದ್ದೇನೆ, ಇರಾನಿ ರೊಟ್ಟಿ ತನ್ನಿ," ಎಂದಳು. ಸೈದು ಡೆಲಿವರಿ ಮುಗಿಸಿ ಮೈದಾನ್ ಹವಲ್ಲಿಯ ಇನ್ನೊಂದು ಇರಾನಿ ಅಂಗಡಿಯ ಸಾಲಿನಲ್ಲಿ ನಿಂತ. ಒಳಗೆ ಗೋಡೆಯ ಟಿವಿಯಲ್ಲಿ ಫುಟ್‌ಬಾಲ್. ಸೀಟಿ ಊದಿದ ಸದ್ದು ಬಂದದ್ದೇ, ರೊಟ್ಟಿ ತೆಗೆಯುತ್ತಿದ್ದ ಮುದುಕ ಒಳಗಿನವರಿಗೆ ಕೂಗಿ ಹೇಳಿದ: "ಬಾಜಿ ಶುರು ಶೊದ್."

ಶುರು. ಆ ಶಬ್ದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ಸೈದು ಟಿವಿ ನೋಡಿದ, ಮುದುಕನನ್ನು ನೋಡಿದ. "ಬಾಜಿ ಅಂದ್ರೆ?" ಎಂದು ಅರಬಿಯಲ್ಲಿ ಕೇಳಿದ.

"ಮ್ಯಾಚ್, ಆಟ," ಮುದುಕ ಕಬ್ಬಿಣದ ಕೊಕ್ಕೆಯಿಂದ ಟಿವಿ ತೋರಿಸಿದ.

"ಮತ್ತೆ ಫರ್ದಾ?"

"ಬುಕ್ರಾ," ಎಂದ ಮುದುಕ. ನಾಳೆ.

ನಾಳೆ ಮ್ಯಾಚ್ ಇದೆ. ಅನ್ಸಾಫ್. ಆ ಮನುಷ್ಯ ತಂಗಿಗೆ ಹೇಳಿದ್ದು ಅಷ್ಟೇ. ಸೈದು ರೊಟ್ಟಿ ತೆಗೆದುಕೊಳ್ಳದೆ ಸಾಲಿನಿಂದ ಹೊರಗೆ ಬಂದು ವ್ಯಾನ್ ಹತ್ತಿದ. ಮನೆಗೆ ಹೋಗಿ ಕದೀಜಾಳ ಹತ್ತಿರ ಎಲ್ಲ ಹೇಳಿದ. ಅವಳು ಕೂಗಾಡಲಿಲ್ಲ. "ಫಾರ್ಸಿ ಬರುದಿಲ್ಲ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?" ಎಂದಳು. ಆಮೇಲೆ, "ಅನ್ನ ಉಂಟು, ಉಂಡು ಹೋಗಿ," ಎಂದಳು. ಅವನು ಉಣ್ಣದೆ ಕೋಚ್‌ನ ರೊಟ್ಟಿ ಅಂಗಡಿಗೆ ಹೊರಟ.

ಫರಾಮರ್ಜ್ ಅಂಗಡಿಯ ಹಿಂದೆ ಖಾಲಿ ಎಣ್ಣೆ ಡಬ್ಬದ ಮೇಲೆ ಕೂತು ಮಂಡಿಗೆ ಬಿಸಿಬಟ್ಟೆ ಒತ್ತಿಕೊಳ್ಳುತ್ತಿದ್ದರು. ಸೈದು ನಿಂತೇ ಹೇಳಿದ. ನಮ್ಮಲ್ಲಿ ಬಾಜಿ ಅಂದರೆ ಜೂಜು ಕಟ್ಟುವುದು ಎಂದ. ಕೇಳಿಸಿಕೊಂಡವನು ನಾನು, ಹೇಳಿದವನು ನಾನು, ಅಲ್ಲಿ ಆ ಶಬ್ದ ಹಾಕಿ ಕೇಳಿದವನೂ ನಾನೇ ಎಂದ. ಅತ್ತ.

ಫರಾಮರ್ಜ್ ಬಿಸಿಬಟ್ಟೆಯನ್ನು ಪಕ್ಕಕ್ಕಿಟ್ಟರು. "ಅವತ್ತು ನೀನು ನನ್ನ ಭಾಷೆ ಕಲಿತಿದ್ದೀಯ ಎಂದುಕೊಂಡೆ," ಎಂದರು. ಆಮೇಲೆ ಬೆರಳು ಮಡಚಿ ಏನೋ ಎಣಿಸಿದರು. "ನನ್ನದು ಇರಲಿ, ಖಲಾಸ್. ಆದರೆ ಅಪ್ಪನ ಹೆಸರು ಹೇಳಿದೆನಲ್ಲ. ಅಪ್ಪನಿಂದ ಕಲಿತೆ ಎಂದೆ. ಏಳು ಗಂಡಸರು, ಕಾಫಿ ತಂದ ಮೇಡಂ ಒಬ್ಬರು. ಎಂಟು ಮಂದಿಗೂ ನೀನೇ ಹೋಗಿ ಹೇಳಬೇಕು. ನನ್ನ ಅಪ್ಪ ದರ್ವಾಜೆಬಾನ್."

ಸೈದು ಸರಿ ಎಂದು ಹೊರಟವನು ನಾಲ್ಕು ಹೆಜ್ಜೆ ಇಟ್ಟು ನಿಂತ. ದರ್ವಾಜೆ ಅಂದರೆ ಬಾಗಿಲು. ದರ್ವಾಜೆಬಾನ್ ಅಂದರೆ ವಾಚ್‌ಮನ್ ಇರಬೇಕು. ಬಾಯಿಗೆ ಬಂದದ್ದನ್ನು ನುಂಗಿ ಹಿಂದಿರುಗಿ ಬಂದು, "ಕೋಚ್, ದರ್ವಾಜೆಬಾನ್ ಅಂದ್ರೆ ಎಂತ?" ಎಂದು ಕೇಳಿದ.

ಫರಾಮರ್ಜ್ ಎರಡೂ ಕೈಗಳನ್ನು ಅಗಲಿಸಿ, ಬಗ್ಗಿ, ಬಾರದ ಚೆಂಡೊಂದನ್ನು ಹಿಡಿದು ತೋರಿಸಿದರು. ಗೋಲ್‌ಕೀಪರ್.

ನಾಲ್ಕು ಸಂಜೆಗಳಲ್ಲಿ ಸೈದು ಏಳು ಗಂಡಸರಲ್ಲಿ ಆರು ಮಂದಿಗೆ ಮುಖ ತೋರಿಸಿ ಬಂದ. ರೋಕ್ ತಲೆ ಹಿಡಿದುಕೊಂಡು ಕೂತ. ಹಿರಿಯರು, ತಾನು ಕೆಟ್ಟ ಮಾತಾಡಿದೆ, ಅಲ್ಲಾಹು ಕ್ಷಮಿಸಲಿ ಎಂದರು. ಕೊನೆಗೆ ಉಳಿದದ್ದು ಬ್ನೇದ್ ಅಲ್ ಗಾರ್‌ನ ಅಧ್ಯಕ್ಷರ ಮನೆ. ರಾಜಗೋಪಾಲ ಬಾಗಿಲಲ್ಲೇ ಎಲ್ಲ ಕೇಳಿ, ಆ ಅಕಾಡೆಮಿಗೆ ಆಗಲೇ ಫೋನ್ ಹಚ್ಚಿದರು. ಜಾಗ ತುಂಬಿದೆ, ಮುಂದೆ ನೋಡೋಣ ಎಂದರು ಆ ಕಡೆಯವರು.

"ತುಂಬಾ ತಪ್ಪಾಗೋಯ್ತು ಸೈದು. ನಾನೇ ಅವರನ್ನ ನೋಡಿ ಕ್ಷಮೆ ಕೇಳ್ತೀನಿ," ಎಂದರು.

"ಮೇಡಂ ಇದ್ದಾರಾ ಸಾರ್? ಅವರಿಗೂ ಹೇಳ್ಬೇಕು."

"ಅವಳಿಗೆ ನಾನು ಹೇಳ್ತೀನಿ ಬಿಡಿ."

"ಇಲ್ಲ ಸಾರ್. ನಾನೇ ಹೇಳ್ಬೇಕಂತೆ," ಎಂದ ಸೈದು. ಅಧ್ಯಕ್ಷರ ಮಾತಿಗೆ ಅವನು ಇಲ್ಲ ಎಂದದ್ದು ಅದೇ ಮೊದಲು.

ಬೃಂದಾ ಕೈ ಒರೆಸಿಕೊಳ್ಳುತ್ತಾ ಬಂದರು. ಸೈದು ಹೇಳಿದ: ಬಾಜಿ ಅಂದರೆ ಆಟ. ಕೋಚ್ ಫುಟ್‌ಬಾಲ್ ಆಡಿದವರು, ಅವರ ಅಪ್ಪ ಗೋಲ್‌ಕೀಪರ್.

"ನಂಗೆ ಅವತ್ತೇ ಏನೋ ಸರಿ ಇಲ್ಲ ಅನ್ನಿಸ್ತು," ಎಂದರು ಬೃಂದಾ. "ಅಷ್ಟು ಖುಷಿಯಾಗಿ ಹೇಳ್ತಿದ್ರಲ್ಲ ಅವರು. ತಪ್ಪು ಮಾಡಿದೋರು ಹಾಗೆ ಹೇಳ್ತಾರಾ? ಅಷ್ಟು ಜನ ಇದ್ರಿ, ಒಬ್ರಾದ್ರೂ ಅವರ ಮುಖ ನೋಡ್ಲಿಲ್ವಾ?"



ಮರುದಿನ ಬೆಳಿಗ್ಗೆ ಸೈದು ರೊಟ್ಟಿ ಅಂಗಡಿಗೆ ಹೋದಾಗ ಫರಾಮರ್ಜ್ ತಂದೂರಿನ ಮುಂದಿದ್ದರು. ಮೈದಾಚೀಲಗಳ ಮೇಲಿನ ಗಾಜು ಧೂಳು ಹಿಡಿದಿತ್ತು. ಅದೇ ವಾರ ಇಕಾಮಾ ಹೊಸತು ಮಾಡಿಸಿದ್ದರಂತೆ. ಖಬ್ಬಾಜ್, ಇನ್ನು ಎರಡು ವರ್ಷ.

"ಎಂಟು?" ಎಂದು ಕೇಳಿದರು.

"ಎಂಟು. ಮೇಡಂಗೂ ಹೇಳಿದೆ."

ಅವರು ತಲೆಯಾಡಿಸಿ ಎರಡು ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಮುಂದೆ ಸರಿಸಿದರು. ಸೈದು ಹೊರಡುವಾಗ ಕೂಗಿ ನಿಲ್ಲಿಸಿ, ಅನ್ಸಾಫನ ಕಾಲು ಹೇಗಿದೆ ಎಂದು ವಿಚಾರಿಸಿದರು. ಇನ್ನೂ ಕುಂಟುತ್ತಿದ್ದಾನೆ ಎಂದ ಸೈದು.

"ಇನ್ನು ಮೂರು ವಾರ ಓಟ ಇಲ್ಲ. ನಡಿಗೆ ಮಾತ್ರ. ಇಂಜೆಕ್ಷನ್ ಬೇಡವೇ ಬೇಡ," ಎಂದರು ಫರಾಮರ್ಜ್, ಪ್ರತಿ ಮಾತಿಗೂ ಒಂದೊಂದು ಬೆರಳು ಎತ್ತಿ. "ಸರಿಯಾಗಿ ಹೇಳು."

ಸೈದು ಅದನ್ನು ಎರಡು ಸಲ ಕೇಳಿಕೊಂಡು ಹೊರಟ.