ಬುವಾ ಕೆಮ್ಮಿದ ಸಂಜೆಯ ಷಡ್ಜ

ಧಾರವಾಡದ ಮಾಳಮಡ್ಡಿಯಲ್ಲಿರುವ ಕಾಶೀಬಾಯಿಯವರ ಮನೆಗೆ ಅರಿಶಿನ-ಕುಂಕುಮಕ್ಕೆ ಹೋದವರು ಆ ಷಡ್ಜದ ಕಥೆ ಕೇಳದೆ ಹೊರಗೆ ಬಂದದ್ದುಂಟೇ? ಸಾಧ್ಯವೇ ಇಲ್ಲ. ಒಂದು ಕೈಯಿಂದ ಅವಲಕ್ಕಿ ತಟ್ಟೆ ಕೊಟ್ಟು, ಇನ್ನೊಂದು ಕೈಯಿಂದ ನಿಮ್ಮ ಮೊಣಕೈ ಹಿಡಿದು ಕೂರಿಸಿಬಿಡುತ್ತಿದ್ದರು. ಮೊದಲ ಸಲ ಬಂದವರು ಕಣ್ಣರಳಿಸಿ ಕೇಳುತ್ತಿದ್ದರು. ಹಳಬರು ತಟ್ಟೆ ಖಾಲಿ ಮಾಡುವ ಕೆಲಸದಲ್ಲಿರುತ್ತಿದ್ದರು. ಕಾಶೀಬಾಯಿಗೆ ಎರಡೂ ಒಂದೇ.

"ಬುವಾ ಅವರು ಹಾಡಾಕತ್ತಿದ್ರು ನೋಡ್ರಿ, ಹಿಂದ ನಮ್ಮನಿಯವರು ತಂಬೂರಿ ಹಿಡಕೊಂಡು ಕೂತಿದ್ರು. ಇನ್ನೇನು ಮ್ಯಾಲಿನ ಷಡ್ಜ ಮುಟ್ಟಬೇಕು, ಬುವಾಗ ಕೆಮ್ಮು ಬಂದುಬಿಡ್ತು! ಹಿಂದ ತಿರುಗಿ ಇವರಿಗೆ ಕಣ್ಸನ್ನಿ ಮಾಡಿದ್ರು. ಹಚ್ಚಿದ್ರು ನೋಡ್ರಿ ಇವರು ಷಡ್ಜ! ಏನು ಹೇಳ್ಲಿ ನಾ. ಇಡೀ ಸಭಾ ಗಪ್ ಚುಪ್."

ಬುವಾ ಅಂದರೆ ಊರಿನ ದೊಡ್ಡ ಗವಾಯಿ, ಕಾಶೀಬಾಯಿಯ ಗಂಡ ದತ್ತು ಅವರ ಗುರು. ಈಗ ಇಲ್ಲ. ಇಂಥ ಗವಾಯಿಗಳ ಬೈಠಕ್ಕಿನಲ್ಲಿ ಬೆನ್ನ ಹಿಂದೆ ತಂಬೂರಿ ಮೀಟುತ್ತ ಕೂರುವವರು ಶಿಷ್ಯರೇ. ತಾವಾಗಿ ಬಾಯಿ ತೆರೆಯುವಂತಿಲ್ಲ. ಗುರು ಹಾಡುತ್ತ ಹಾಡುತ್ತ ಒಮ್ಮೆ ಹಿಂತಿರುಗಿ ಕಣ್ಣು ಹಾಯಿಸಿದರೆ ಮಾತ್ರ ದನಿ ಕೂಡಿಸಬೇಕು. ಆ ಒಂದು ಕಣ್ಸನ್ನೆಗಾಗಿ ವರ್ಷಗಟ್ಟಲೆ ಕಾದು, ಅದು ಸಿಗದೆ ಹಾಗೇ ಮುದುಕರಾದವರು ಧಾರವಾಡದ ಓಣಿ ಓಣಿಯಲ್ಲಿದ್ದಾರೆ. ದತ್ತು ಅವರಿಗೆ ಅದು ಸಿಕ್ಕಿತ್ತು. ಒಂದೇ ಒಂದು ಸಲ.

ಕಥೆಗೂ ವಯಸ್ಸಾಗುತ್ತದೆ, ಮೈ ಬರುತ್ತದೆ. ಮದುವೆಯಾದ ಹೊಸದರಲ್ಲಿ ಕಾಶೀಬಾಯಿ ಹೇಳುತ್ತಿದ್ದದ್ದು ಬರೀ ಷಡ್ಜದ ಮಾತು, ಮೇಲಿನ ಆ 'ಸ' ಸ್ವರದ್ದು. ಮಗಳು ಋತುಜಾ ಸಾಲಿಗೆ ಹೋಗುವ ಹೊತ್ತಿಗೆ ಸಭೆಯವರು 'ವಾಹ್' ಅಂದಿದ್ದರು. ಅವಳ ಲಗ್ನದ ಹೊತ್ತಿಗೆ ಬುವಾ ಅವರು ಎದ್ದು ಬಂದು ದತ್ತು ಅವರ ಹೆಗಲ ಮೇಲೆ ಕೈ ಇಟ್ಟಿದ್ದರು. ಅಂದು ಕಾಶೀಬಾಯಿ ಉಟ್ಟಿದ್ದ ಸೀರೆಯೂ ಒಮ್ಮೆ ಹಸಿರು, ಒಮ್ಮೆ ನೇರಳೆ. ಆದರೆ ಯಾರಾದರೂ "ಖರೇನ?" ಅಂದರೆ ಮಾತ್ರ ಅವರ ಮುಖ ಕೆಂಪಗಾಗುತ್ತಿತ್ತು. "ನಾ ಅಲ್ಲೇ ಕೂತಿದ್ದೆ. ಈ ಕಿವಿಲೆ ಕೇಳೇನಿ," ಎಂದು ಎರಡೂ ಕಿವಿ ಮುಟ್ಟಿ ತೋರಿಸುತ್ತಿದ್ದರು. ಸುಳ್ಳು ಹೇಳುವ ಹೆಂಗಸಲ್ಲ ಅವರು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಕೇಳದೆ ಏನು? ಆಗ ಕಾಶಿ ಇನ್ನೂ ಹುಡುಗಿ. ದತ್ತು ಅವರ ಮನೆ ಪಕ್ಕದ್ದೇ, ನಡುವೆ ಒಂದು ಗೋಡೆ. ನಸುಕಿನಲ್ಲಿ ಆ ಗೋಡೆಯಾಚೆ ದತ್ತು ಷಡ್ಜ ಹಚ್ಚಿ ಅಭ್ಯಾಸಕ್ಕೆ ಕೂತರೆ, ಈಚೆ ಈ ಹುಡುಗಿ ಹಾಸಿಗೆಯಲ್ಲಿ ಮೈಯೆಲ್ಲ ಕಿವಿಯಾಗಿ ಮಲಗಿರುತ್ತಿದ್ದಳು. ಅವರ ದನಿ ಎಲ್ಲಿ ಏರುತ್ತದೆ, ಎಲ್ಲಿ ಸ್ವಲ್ಪ ನಡುಗಿ ನಿಲ್ಲುತ್ತದೆ, ಎಲ್ಲ ಬಾಯಿಪಾಠ. ಬುವಾ ಅವರ ಬೈಠಕ್ಕಿಗೆ ಕಾಕಾನ ಬೆನ್ನು ಹತ್ತಿ ಹೋದದ್ದೂ ಹಿಂದೆ ತಂಬೂರಿ ಹಿಡಿದು ಕೂತವರನ್ನು ನೋಡಲೆಂದೇ. ಸಂಜೆಯಿಡೀ ಮನಸ್ಸಿನಲ್ಲಿ ಒಂದೇ ಬೇಡಿಕೆ, ಬುವಾ ಒಮ್ಮೆ ಹಿಂದೆ ತಿರುಗಲಿ ದೇವರೇ, ಇವರು ಒಮ್ಮೆ ಹಾಡಲಿ.

ಬೈಠಕ್ ಮುಗಿದ ಮೇಲೆ ಮೆಟ್ಟಿಲ ಹತ್ತಿರ ದತ್ತುವನ್ನು ಅಡ್ಡಗಟ್ಟಿ, "ನಿಮ್ಮ ಷಡ್ಜ ಕೇಳಿದೆ. ಜೀವ ಹೋದಂಗಾತು," ಅಂದಳು. ದತ್ತು ಏನೋ ಹೇಳಲು ಬಾಯಿ ತೆರೆದರು. ಮತ್ತೆ ಮುಚ್ಚಿದರು. ಎಂಥ ಸಂಕೋಚದ ಹುಡುಗ ಅಂದುಕೊಂಡು ಇವಳಿಗೆ ಇನ್ನಷ್ಟು ಪ್ರೀತಿ ಉಕ್ಕಿತು. ಮನೆಯವರು ಬೆಳಗಾವಿಯ ಬ್ಯಾಂಕಿನ ಹುಡುಗನನ್ನು ಗೊತ್ತು ಮಾಡಿಟ್ಟಿದ್ದರು. ಕಾಶಿ ಊಟ ಬಿಟ್ಟು ಕೂತಳು. ಆ ಷಡ್ಜ ಕೇಳಿದ ಮೇಲೆ ಬೇರೆಯವನ ಕೈ ಹಿಡಿಯುವುದಿಲ್ಲ ಅಂದಳು. ಅವರಪ್ಪ ಕೂಗಾಡಿ, ಸೋತು, ದತ್ತು ಅವರ ಮನೆಗೆ ಹೋಗಿ ಮಾತಾಡಿ ಬಂದರು.

ಮದುವೆಯಾಯಿತು. ಮರುದಿನದಿಂದ ದತ್ತು ಹಾಡಲಿಲ್ಲ.

ತಂಬೂರಿ ಬಿಡಲಿಲ್ಲ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತಿಕೆ, ಬೆಳಿಗ್ಗೆ ಮನೆಯಲ್ಲಿ ತಂಬೂರಿ, ಕರೆದಲ್ಲಿಗೆ ಹೋಗಿ ಗವಾಯಿಗಳ ಹಿಂದೆ ಕೂರುವುದು. ಬದುಕೆಲ್ಲ ಹೀಗೇ ಹೋಯಿತು. ಬಾಯಿ ಮಾತ್ರ ತೆರೆಯಲಿಲ್ಲ. "ಒಂದ ಷಡ್ಜ ಹಚ್ಚರಿ, ನನ್ನ ಮುಂದ ಅಷ್ಟ," ಎಂದು ಹೆಂಡತಿ ಗೋಗರೆದರೆ ನಕ್ಕು ತಲೆ ತಗ್ಗಿಸಿ ನೀರು ಕುಡಿಯಲು ಎದ್ದುಹೋಗುತ್ತಿದ್ದರು. ಹೆಂಡತಿ ಕಥೆ ಹೇಳುವಾಗಲೂ ಹಾಗೇ ಎದ್ದುಹೋಗುತ್ತಿದ್ದರು. ಬಂದವರು, "ಎಷ್ಟು ವಿನಯ ನೋಡ್ರಿ," ಅನ್ನುತ್ತಿದ್ದರು. ಗುರುವಿನ ಹಿಂದೆ ಅಂಥ ಷಡ್ಜ ಹಚ್ಚಿದ ಮೇಲೆ ಮತ್ತೆ ಹಾಡಿ ಅದನ್ನು ಎಂಜಲು ಮಾಡಬಾರದು ಅಂತ ಅವರ ಮನಸ್ಸಿನಲ್ಲಿರಬೇಕು ಎಂದು ಕಾಶೀಬಾಯಿ ತಾವೇ ಒಂದು ಕಾರಣ ಹುಡುಕಿಕೊಂಡು ಸಮಾಧಾನಪಟ್ಟಿದ್ದರು.

ಹೋದ ವರ್ಷ ದತ್ತು ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿತು. ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ರಂಧ್ರ, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಜೀವ ಉಳಿಯಿತು, ದನಿ ಹೋಯಿತು. ಏನಾದರೂ ಬೇಕಾದರೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದರು. ಚಹಾ. ಔಷಧ. ಫ್ಯಾನ್.

ಕಾಶೀಬಾಯಿ ಅಳಲಿಲ್ಲ, ಹುಡುಕಲು ಶುರುಮಾಡಿದರು. ಋತುಜಾಳ ಮೊಬೈಲಿನಲ್ಲಿ ಇದ್ದಬದ್ದ ವಿಡಿಯೊಗಳನ್ನೆಲ್ಲ ಹಾಕಿಸಿ ಕೇಳಿದರು. ಒಂದರಲ್ಲಿ ದತ್ತು, "ಗ್ಯಾಸ್ ಬಂದ್ ಮಾಡೀಯೇನು?" ಅನ್ನುತ್ತಾರೆ. ಇನ್ನೊಂದರಲ್ಲಿ ಮೊಮ್ಮಗಳಿಗೆ, "ಬೀಳ್ತಿ, ಸಾವಕಾಶ," ಅನ್ನುತ್ತಾರೆ. ಅಷ್ಟೇ. ಹಾಡಿದ ದನಿ ಎಲ್ಲೂ ಇಲ್ಲ. ಗೋಡೆಯಾಚೆಯಿಂದ ಬರುತ್ತಿದ್ದ ಆ ದನಿಯನ್ನು ಸಾಯುವ ಮೊದಲು ಇನ್ನೊಮ್ಮೆ ಕೇಳಬೇಕು ಎಂಬ ಆಸೆ ಅವರನ್ನು ಒಳಗೊಳಗೇ ತಿನ್ನತೊಡಗಿತು. ಊಟ ಸೇರದು, ನಿದ್ದೆ ಬಾರದು.

ಒಂದು ದಿನ ಕಾಯಿಪಲ್ಲೆ ಹೆಚ್ಚುತ್ತಿದ್ದವರು ಈಳಿಗೆ ಬಿಟ್ಟು ಎದ್ದು ನಿಂತರು. "ರೀ, ಶಾಬುದ್ದೀನ! ಅವತ್ತ ಮೈಕ್ ಹಚ್ಚಿದಾಂವ ಶಾಬುದ್ದೀನ! ಅಂವ ಎಲ್ಲಾ ಬೈಠಕ್ ಕ್ಯಾಸೆಟ್ ಮಾಡಿ ಇಟಗೋತಿದ್ದ!"

ದತ್ತು ಅವರ ಮುಖ ಬಿಳಿಚಿತು. ಪಾಟಿ ಎಳೆದುಕೊಂಡು ದೊಡ್ಡ ಅಕ್ಷರದಲ್ಲಿ 'ಬ್ಯಾಡ' ಎಂದು ಬರೆದರು.

"ಯಾಕ ಬ್ಯಾಡ? ನಿಮಗ ಸಂಕಟ ಆಗ್ತದ, ಗೊತ್ತದ ನಂಗ. ನೀವು ಕೇಳಬ್ಯಾಡ್ರಿ. ನಾ ಕೇಳ್ತೇನಿ," ಎಂದು ಕಾಶೀಬಾಯಿ ಸೆರಗಿನಿಂದಲೇ ಪಾಟಿ ಒರೆಸಿಬಿಟ್ಟರು. ದತ್ತು ಮತ್ತೆ ಬರೆಯಲಿಲ್ಲ. ಆ ಕ್ಷಣಕ್ಕೆ ಬರೆಯಬಹುದಿತ್ತು. ಮನುಷ್ಯನ ಪುಕ್ಕಲುತನಕ್ಕೆ ಏನು ಹೇಳುವುದು!

ಋತುಜಾ ಹುಬ್ಬಳ್ಳಿಯವಳು ಈಗ, ಕೇಶ್ವಾಪುರದಲ್ಲಿ ಮನೆ. ದುರ್ಗದ ಬೈಲಿನ ಹಿಂದೆ ಶಾಬುದ್ದೀನನ ಅಂಗಡಿಯನ್ನು ಅವಳೇ ಹುಡುಕಿದಳು. ಶಾಬುದ್ದೀನನಿಗೂ ವಯಸ್ಸಾಗಿತ್ತು. ಮೈಕ್ ಸೆಟ್ಟಿನ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟು, ಹಳೆಯ ಕ್ಯಾಸೆಟ್ಟುಗಳ ಟ್ರಂಕನ್ನು ಮಾತ್ರ ತನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದ. ವಾರ ಕಳೆದ ಮೇಲೆ ಫೋನು ಬಂತು, ಕ್ಯಾಸೆಟ್ ಸಿಕ್ಕಿದೆ. "ನನ್ನ ಟೇಪ್‌ರಿಕಾರ್ಡರ್ ತಗೊಂಡು ನಿಮ್ಮ ಮಗಳ ಮನೀಗೆ ನಾನ ಬರ್ತೇನ್ರಿ ಬಾಯಾರ. ಬ್ಯಾರೇ ಮಷಿನ್ನಿಗೆ ಹಾಕಿದ್ರ ರೀಲು ತಿಂದುಬಿಡ್ತೈತಿ," ಅಂದ.

ರವಿವಾರ ಮಧ್ಯಾಹ್ನ. ಕಾಶೀಬಾಯಿ ಪೆಟ್ಟಿಗೆಯ ತಳದಿಂದ ರೇಷ್ಮೆ ಸೀರೆ ತೆಗೆದು ಉಟ್ಟಿದ್ದರು. ಈ ಸಲ ಅದು ಹಸಿರು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯವರೆಗೆ ಬಾಯಿಗೆ ಬಿಡುವಿಲ್ಲ. ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ, "ಇವರ ಹಾಡು ಕೇಳಾಕ ಹೊಂಟೇವ್ರಿ," ಎಂದು ಹೇಳಿದರು. ದತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕೇಳುವುದಿಲ್ಲ ಎಂದು ಅವರು ಮನೆಯಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ಹೆಂಡತಿಯೊಬ್ಬಳನ್ನೇ ಆ ಕ್ಯಾಸೆಟ್ಟಿನ ಮುಂದೆ ಕೂರಿಸಲು ಅವರಿಗೆ ಮನಸ್ಸಾಗಲಿಲ್ಲ.

ಋತುಜಾಳ ಮನೆಯಲ್ಲಿ ಟೇಪ್‌ರಿಕಾರ್ಡರ್ ಇಟ್ಟು ಶಾಬುದ್ದೀನ ಗುಂಡಿ ಒತ್ತಿದ. ಮೊದಲು ಸರಸರ ಸದ್ದು. ಆಮೇಲೆ ತಂಬೂರಿ, ಅದರ ಮೇಲೆ ಬುವಾ ಅವರ ದಪ್ಪ ದನಿ. ಕಾಶೀಬಾಯಿ ಮಗಳ ಕೈ ಗಟ್ಟಿಯಾಗಿ ಹಿಡಿದಿದ್ದರು.

"ಈಗ ಬರ್ತದ. ಈಗ, ಈಗ..."

ದನಿ ಮೆಲ್ಲಗೆ ಮೇಲೇರಿತು. ಇನ್ನೇನು ಷಡ್ಜ ಮುಟ್ಟಬೇಕು, ಬುವಾ ಕೆಮ್ಮಿದರು. ಒಮ್ಮೆ, ಎರಡು ಸಲ. ಕೆಮ್ಮು ನಿಂತಿತು. ಬರೀ ತಂಬೂರಿ ಉಳಿಯಿತು. ಸ್ಪಷ್ಟವಾಗಿ, ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳುವಷ್ಟು. ಅದರಾಚೆ ಏನೂ ಇಲ್ಲ.

ಆ ಖಾಲಿಯಲ್ಲಿ ಎಲ್ಲಿಂದಲೋ ಒಂದು ಹುಡುಗಿಯ ಎಳೆ ದನಿ ಕೂಗಿತು. "ವಾಹ್!"

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬುವಾ ಗಂಟಲು ಸರಿಮಾಡಿಕೊಂಡು ತಾವೇ ಷಡ್ಜ ಹಚ್ಚಿ ಮುಂದೆ ಹೋದರು.

ಶಾಬುದ್ದೀನ ಗುಂಡಿ ಒತ್ತಿ ನಿಲ್ಲಿಸಿದ. ಕಾಶೀಬಾಯಿಯೇ ಮೊದಲು ಚೇತರಿಸಿಕೊಂಡರು.

"ಕ್ಯಾಸೆಟ್ ಹಾಳಾಗೇದ. ಅಲ್ಲೇ ಅಳಿಸೇದ ನೋಡು."

"ತಂಬೂರಿ ಕೇಳತೈತಲ್ರಿ ಬಾಯಾರ," ಶಾಬುದ್ದೀನ ಮೆತ್ತಗೆ ಅಂದ. "ಅಳಿಸಿದ್ರ ಅದೂ ಅಳೀತಿತ್ತು."

"ನಿನ್ನ ಮೈಕ್ ಮುಂದ ಇತ್ತು, ಹಿಂದಿನವರ ದನಿ ಹಿಡಿದಿಲ್ಲ ಅದು! ಇನ್ನೊಮ್ಮೆ ಹಚ್ಚು."

ಹಚ್ಚಿದ. ಕೆಮ್ಮು, ತಂಬೂರಿ, "ವಾಹ್!" ಮತ್ತೆ ಹಚ್ಚಿದ. ಮತ್ತೂ ಅದೇ.

"ಆಯಿ," ಋತುಜಾ ತಾಯಿಯ ಬೆನ್ನ ಮೇಲೆ ಕೈ ಇಟ್ಟಳು. "ಆಯಿ, ಆ 'ವಾಹ್' ಅಂದಾಕಿ ನೀನ ಅಲ್ಲೇನು?"

ಹೌದು, ತಮ್ಮದೇ ದನಿ. ಹೇಗೆ ಗುರುತು ಹಿಡಿಯದೆ ಇದ್ದಾರು? ಆದರೆ ಆ ಹುಡುಗಿ ಯಾತಕ್ಕೆ ವಾಹ್ ಅಂದಳು? ಏನೂ ಇಲ್ಲದ್ದಕ್ಕೆ ಯಾರಾದರೂ ಹಾಗೆ ಜೀವ ತುಂಬಿ ಕೂಗುತ್ತಾರೆಯೇ? ಈ ಕ್ಷಣಕ್ಕೂ ಕಣ್ಣು ಮುಚ್ಚಿದರೆ ಕಿವಿಯಲ್ಲಿ ಆ ಷಡ್ಜ ಇದೆ. ಏರಿ, ಸ್ವಲ್ಪ ನಡುಗಿ, ನಿಂತು.

"ಹೇಳ್ರಿ ಇವರಿಗೆ!" ಗಂಡನ ಕಡೆ ತಿರುಗಿ ಬಹುತೇಕ ಚೀರಿದರು. "ನೀವು ಹಾಡಿದ್ರಿ ಅಂತ ಹೇಳ್ರಿ!"

ಋತುಜಾ ಪಾಟಿ ಮುಂದೆ ಮಾಡಿದಳು. ದತ್ತು ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹಚ್ಚು ಎಂದು ಶಾಬುದ್ದೀನನಿಗೆ ಕೈ ಸನ್ನೆ ಮಾಡಿದರು. ಸೋಫಾದಿಂದ ಇಳಿದು ನೆಲದ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ, ತೊಡೆಯ ಮೇಲೆ ತಂಬೂರಿ ಇದೆಯೋ ಎಂಬಂತೆ ಬಲಗೈ ಎತ್ತಿ ಹಿಡಿದರು.

ಬುವಾ ಕೆಮ್ಮಿದರು. ದತ್ತು ಮುಖ ಮೇಲೆತ್ತಿ, ಗುರು ತಮ್ಮ ಕಡೆ ತಿರುಗಿ ನೋಡುತ್ತಿದ್ದಾರೆ ಎಂಬಂತೆ ಕಣ್ಣು ಅಗಲಿಸಿದರು. ಎದೆ ತುಂಬ ಉಸಿರು ಎಳೆದರು. ಬಾಯಿ ದೊಡ್ಡದಾಗಿ ತೆರೆದರು. ಕತ್ತಿನ ನರ ಉಬ್ಬಿದವು. ಏನೂ ಬರಲಿಲ್ಲ. ಬಿಳಿ ಬಟ್ಟೆ ಮಾತ್ರ ಉಸಿರಿಗೆ ಒಮ್ಮೆ ಅಲುಗಿತು.

"ವಾಹ್!" ಅಂದಳು ಕ್ಯಾಸೆಟ್ಟಿನ ಹುಡುಗಿ.

ದತ್ತು ತೆರೆದ ಬಾಯಿ ಹಾಗೇ ಬಿಟ್ಟು ಹೆಂಡತಿಯ ಕಡೆ ನೋಡಿದರು. ಆಪರೇಶನ್ನಿನಿಂದ ಹೋದ ದನಿಯನ್ನು ಅವರು ತೋರಿಸುತ್ತಿಲ್ಲ ಎಂದು ಕಾಶೀಬಾಯಿಗೆ ಅರ್ಥವಾಯಿತು. ಅಂದೂ ಹೀಗೇ ಆಗಿತ್ತು. ಕಾದು ಕಾದು ಬಂದ ಕಣ್ಸನ್ನೆ, ತೆರೆದ ಬಾಯಿ, ಭಯಕ್ಕೆ ಕಟ್ಟಿದ ಗಂಟಲು. ಅವಮಾನದಿಂದ ಸಾಯುವಂತಾಗಿ ಮೆಟ್ಟಿಲಿಳಿಯುವಾಗ ಒಬ್ಬ ಹುಡುಗಿ ಅಡ್ಡ ಬಂದು, ನಿಮ್ಮ ಷಡ್ಜ ಕೇಳಿದೆ ಅಂದಿದ್ದಳು.

ಕಾಶೀಬಾಯಿ ನೆಲಕ್ಕಿಳಿದು ಗಂಡನ ಮುಂದೆ ಕೂತರು. ತಾನು ಅಂದು ಬಾಯಿ ಮುಚ್ಚಿಕೊಂಡಿದ್ದರೆ ಈ ಮನುಷ್ಯ ಅಭ್ಯಾಸ ಬಿಡುತ್ತಿರಲಿಲ್ಲ. ಇನ್ನೊಂದು ಬೈಠಕ್ಕಿನಲ್ಲಿ ಇನ್ನೊಮ್ಮೆ ಬಾಯಿ ತೆರೆಯುತ್ತಿದ್ದ, ದನಿ ಬಂದರೂ ಬರುತ್ತಿತ್ತು. ತಾನು ಕೇಳಿದ ಆ ಷಡ್ಜದ ಮುಂದೆ ಅವನ ಯಾವ ಷಡ್ಜ ನಿಂತೀತು? ಅದಕ್ಕೇ ಹೆದರಿ ಅವನು ತನ್ನ ಮುಂದೆಯೂ ಹಾಡಲಿಲ್ಲ. ಗೋಡೆಯಾಚೆ ನಿಜವಾಗಿ ಇದ್ದ ದನಿಯನ್ನು, ಇಲ್ಲದ ಒಂದು ದನಿಗಾಗಿ ತಾನೇ ಕೊಂದದ್ದು. ಕಾಶೀಬಾಯಿಗೆ ಅಳು ಒತ್ತರಿಸಿ ಬಂತು.

"ಅವತ್ತ ಮೆಟ್ಟಲಾ ಹತ್ರ ಯಾಕ ಹೇಳಲಿಲ್ರಿ? ದನಿ ಬರಲಿಲ್ಲ ಕಾಶಿ ಅಂತ ಒಂದ ಮಾತು ಯಾಕ ಹೇಳಲಿಲ್ರಿ ನೀವು?"

ದತ್ತು ಅವರ ತುಟಿ ಅಲುಗಿದವು. ದೊಡ್ಡದೊಂದು ಮಾತು ಇದ್ದಂತೆ ಬಹಳ ಹೊತ್ತು ಅಲುಗಿದವು. ಕಾಶೀಬಾಯಿ ಕಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ಒಯ್ದು, ಉಸಿರು ಬಿಗಿಹಿಡಿದು ಕೇಳಿದರು. ಜನ್ಮವಿಡೀ ಅವರ ಬಾಯಿಂದ ಬಾರದ್ದನ್ನು ಕೇಳಿಸಿಕೊಂಡ ಆ ಕಿವಿಗೆ ಈ ಸಲ ಏನೂ ಕೇಳಲಿಲ್ಲ.